ಥೇಮ್ಸ್ ನದಿ ಪೊಲೀಸರ ಪತ್ತೇದಾರಿ ಕಥೆಗಳು: ಯಾವುದರಿಂದ ಶುರು ಮಾಡೋದು?

ಹಳೇ ಲಂಡನ್, ಮಂಜು, ಸಾಲು ಹಡಗು, ನೀರಲ್ಲಿ ತೇಲುವ ಹೆಣ, ಅದರ ಹಿಂದೆ ಹುಟ್ಟು ಹಾಕುತ್ತಾ ಹೋಗುವ ಪೊಲೀಸರು. ಈ ಥರದ ಕಾದಂಬರಿ ಓದಬೇಕು, ಯಾವುದು ತಗೊಳ್ಳಲಿ ಅಂತ ಈಚೆಗೆ ಮೂರು ಜನ ಕೇಳಿದರು. ಒಬ್ಬರಿಗೆ ಆಫೀಸಿಗೆ ಹೋಗುವ ಬಸ್ಸಲ್ಲಿ ಓದೋಕೆ ಬೇಕು. ಇನ್ನೊಬ್ಬರು ಒಂದು ರೂಪಾಯಿನೂ ಖರ್ಚು ಮಾಡಲ್ಲ ಅಂದರು. ಮೂರನೆಯವರಿಗೆ ಚರಿತ್ರೆ ಮುಖ್ಯ, ಕೊಲೆ ಆಮೇಲೆ. ಮೂವರಿಗೂ ಒಂದೇ ಪುಸ್ತಕ ಹೇಳಿದರೆ ಇಬ್ಬರಾದರೂ ನನ್ನನ್ನು ಬೈಯೋದು ಗ್ಯಾರಂಟಿ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಸ್ವಲ್ಪ ಹಿನ್ನೆಲೆ. ಇದು ಗೊತ್ತಿಲ್ಲದಿದ್ದರೆ ಈ ಪುಸ್ತಕಗಳಲ್ಲಿ ಅರ್ಧ ಮಜಾ ಹೋಗುತ್ತದೆ. 1798ರ ಜುಲೈ 2ರಂದು ಲಂಡನ್ನಿನ ವಾಪಿಂಗ್‌ನಲ್ಲಿ, ಥೇಮ್ಸ್ ದಂಡೆಯ ಮೇಲೆ, ನದಿ ಪೊಲೀಸರ ಕಚೇರಿ ಶುರುವಾಯಿತು. ನಮ್ಮಲ್ಲಿ ಶ್ರೀರಂಗಪಟ್ಟಣ ಬೀಳುವುದಕ್ಕೆ ಇನ್ನೂ ಹತ್ತು ತಿಂಗಳಿತ್ತು. ಊರಿಗೆ ಅಂತ ಮೆಟ್ರೊಪಾಲಿಟನ್ ಪೊಲೀಸ್ ಬಂದದ್ದು 1829ರಲ್ಲಿ, ಅಂದರೆ ಲಂಡನ್ನಿನ ಬೀದಿಗಿಂತ ಮೂವತ್ತು ವರ್ಷ ಮೊದಲೇ ಅದರ ನದಿಗೆ ಪೊಲೀಸರು ಸಿಕ್ಕಿದರು. ಕಾರಣ ಸಕ್ಕರೆ. ವೆಸ್ಟ್ ಇಂಡೀಸಿನಿಂದ ಬರುತ್ತಿದ್ದ ಸಕ್ಕರೆ, ರಮ್, ಕಾಫಿ ಹಡಗಿನಿಂದ ದಡಕ್ಕೆ ಬರುವಷ್ಟರಲ್ಲಿ ಮಾಯವಾಗುತ್ತಿತ್ತು. ಹಡಗುಗಳು ನದಿಯ ನಡುವೆ ಲಂಗರು ಹಾಕಿ ಕಾಯಬೇಕಿತ್ತು, ಸರಕನ್ನು ಲೈಟರ್ ಅನ್ನುವ ಚಪ್ಪಟೆ ದೋಣಿಗೆ ಇಳಿಸಿ ದಕ್ಕೆಗೆ ತರಬೇಕಿತ್ತು. ಮಂಗಳೂರಿನ ಹಳೇ ಬಂದರಿನ ಮಂಜಿ ಅನ್ನುವ ಸರಕು ದೋಣಿಗಳ ಬಗ್ಗೆ ಮನೆಯಲ್ಲಿ ಹಿರಿಯರಿಂದ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪ್ಯಾಟ್ರಿಕ್ ಕಹೂನ್ ಅಂತ ಒಬ್ಬ ಮ್ಯಾಜಿಸ್ಟ್ರೇಟ್, ಜಾನ್ ಹ್ಯಾರಿಯಟ್ ಅಂತ ಇನ್ನೊಬ್ಬ, ಹಿಂದೆ ಹಡಗಿನಲ್ಲಿ ದುಡಿದವನು. ಇಬ್ಬರೂ ಸೇರಿ ಈ ಪಡೆ ಕಟ್ಟಿದರು. ದುಡ್ಡು ಹೆಚ್ಚಾಗಿ ಕೊಟ್ಟದ್ದು ವೆಸ್ಟ್ ಇಂಡೀಸ್ ವ್ಯಾಪಾರಿಗಳು. ಕಹೂನ್ 1800ರಲ್ಲಿ ಒಂದು ಪುಸ್ತಕವನ್ನೇ ಬರೆದು ನದಿಗಳ್ಳರನ್ನೆಲ್ಲ ಜಾತಿವಾರು ವಿಂಗಡಿಸಿಟ್ಟ. ಕತ್ತಲಲ್ಲಿ ಕಾಣದಂತೆ ಕಪ್ಪು ಬಳಿದ ಚೀಲದಲ್ಲಿ ಸಕ್ಕರೆ ಸಾಗಿಸುವವರು. ಅಂಗಿಯ ಒಳಗೆ ಜೇಬುಗಳ ಇನ್ನೊಂದು ಅಂಗಿ ತೊಟ್ಟು ಹಗಲಲ್ಲೇ ಹಮಾಲಿಗೆ ಬರುವವರು. ಇಲಿ ಹಿಡಿಯುತ್ತೇವೆ ಅಂತ ಹಡಗು ಹತ್ತಿ, ಕೆಲಸ ಮುಗಿಯಬಾರದು ಅಂತ ತಾವೇ ಇಲಿ ತಂದು ಬಿಡುವವರು. ಇಳಿತದ ಹೊತ್ತಿಗೆ ಕೆಸರಲ್ಲಿ ಹಳೇ ಹಗ್ಗ, ಕಲ್ಲಿದ್ದಲು ಹೆಕ್ಕುವ ನೆಪದಲ್ಲಿ ಹಡಗಿನ ಬುಡಕ್ಕೆ ಹೋಗಿ, ಮೇಲಿಂದ ಬೀಳುವ ಗಂಟು ಹಿಡಿಯುವ ಮಡ್‌ಲಾರ್ಕ್‌ಗಳು. ನದಿಯಲ್ಲಿ ದುಡಿಯುವ 33,000 ಜನರಲ್ಲಿ 11,000 ಜನ ಕಳ್ಳರೇ ಅಂತ ಆತನ ಅಂದಾಜು. ವ್ಯಾಪಾರಿಗಳ ಪರವಾಗಿ ಲೆಕ್ಕ ಹಾಕಿದವನ ಅಂದಾಜು ಅದು, ಹಾಗಾಗಿ ಸ್ವಲ್ಪ ಉಪ್ಪು ಖಾರ ಇದ್ದೇ ಇರುತ್ತದೆ ಅಂತ ನನ್ನ ಅನಿಸಿಕೆ.

ಈಗ ಆರಿಸುವ ಮಾನದಂಡ. ನಾನು ಮೊದಲು ನೋಡುವುದು ಉಬ್ಬರ ಇಳಿತ. ಲಂಡನ್ನಿನೊಳಗೆ ಥೇಮ್ಸ್ ನೀರು ದಿನಕ್ಕೆ ಎರಡು ಸಲ ಏರಿ ಇಳಿಯುತ್ತದೆ, ದೊಡ್ಡ ಉಬ್ಬರದಲ್ಲಿ ಎರಡು ಮಹಡಿಯಷ್ಟು ಎತ್ತರಕ್ಕೆ. ಬೆಳಿಗ್ಗೆ ದೋಣಿ ಕಟ್ಟಿದ ಮೆಟ್ಟಿಲು ಮಧ್ಯಾಹ್ನ ಕೆಸರಿನ ಮೇಲೆ ನಿಂತಿರುತ್ತದೆ. ಮೇಲಿನ ಸೇತುವೆಯ ಹತ್ತಿರ ಬಿದ್ದ ಹೆಣ ಕೆಳಗೆ ಹೋಗಿ, ಉಬ್ಬರದ ಜೊತೆ ಮತ್ತೆ ಮೇಲೆ ಬರಬಹುದು. ಹಾಗಾಗಿ ಒಂದು ಪ್ರಶ್ನೆ ಕೇಳಿಕೊಳ್ಳಿ. ಕಥೆಯಿಂದ ಉಬ್ಬರ ಇಳಿತ ತೆಗೆದುಬಿಟ್ಟರೆ ಆ ಅಪರಾಧ ನಡೆಯುತ್ತಿತ್ತಾ? ನಡೆಯುತ್ತಿತ್ತು ಅಂದರೆ ನದಿ ಬರೀ ಹಿಂದಿನ ಪರದೆ, ಅಷ್ಟೆ.

ಎರಡನೆಯದು, ಕಥೆ ಯಾರ ಕಡೆ ನಿಂತು ನೋಡುತ್ತದೆ ಅನ್ನೋದು. ಎಪಿಎಂಸಿ ಯಾರ್ಡಲ್ಲಿ ಲಾರಿ ಖಾಲಿಯಾದ ಮೇಲೆ ಉದುರಿದ ಜೋಳ ಗುಡಿಸಿ ಸೆರಗಿಗೆ ತುಂಬಿಕೊಳ್ಳುವ ಹೆಂಗಸರನ್ನು ನೋಡಿದ್ದೀರಲ್ವಾ? ಅದನ್ನು ಯಾರೂ ಕಳ್ಳತನ ಅನ್ನಲ್ಲ. ಲಂಡನ್ ದಕ್ಕೆಯಲ್ಲೂ ಉದುರಿದ ಸಕ್ಕರೆ, ಚೆಲ್ಲಿದ ಕಲ್ಲಿದ್ದಲು ಕೆಲಸಗಾರರದ್ದು ಅನ್ನುವ ರೂಢಿ ಇತ್ತು. ಹೊಸ ಪೊಲೀಸರು ಅದನ್ನೇ ಕಳ್ಳತನ ಅಂದರು. 1798ರ ಅಕ್ಟೋಬರ್ 16ರಂದು ಕಲ್ಲಿದ್ದಲು ಕದ್ದ ಕೇಸಲ್ಲಿ ಶಿಕ್ಷೆಯಾದಾಗ ಜನ ವಾಪಿಂಗ್ ಕಚೇರಿಗೇ ನುಗ್ಗಿದರು. ಆ ಗಲಾಟೆಯಲ್ಲಿ ಪೊಲೀಸರ ಕಡೆಯ ಗೇಬ್ರಿಯಲ್ ಫ್ರಾಂಕ್ಸ್ ಗುಂಡು ತಗಲಿ ಸತ್ತ. ಇನ್ನು ಆ ಸಕ್ಕರೆ ಬೆಳೆದವರು ಯಾರು? ಗುಲಾಮರು. ಕದ್ದ ಮಾಲಿನ ಮೇಲೆ ಕಳ್ಳತನದ ಕೇಸು ಹಾಕಿದ ಹಾಗೆ. ಇದು ಲೇಖಕರ ಕಣ್ಣಿಗೆ ಬಿದ್ದಿದೆಯಾ ಇಲ್ಲವಾ ಅಂತ ನಾನು ನೋಡುತ್ತೇನೆ.

ಉಳಿದದ್ದು ನಮ್ಮ ಅನುಕೂಲ. ಇಂಗ್ಲಿಷ್ ಎಷ್ಟು ಕಷ್ಟ (ನಾನು ಕನ್ನಡ ಮೀಡಿಯಂ, ಇದು ನನಗೆ ಸಣ್ಣ ವಿಷಯ ಅಲ್ಲ), ಎಷ್ಟು ಪುಟ, ಎಷ್ಟು ದುಡ್ಡು, ಎಷ್ಟು ರಕ್ತ.

ದುಡ್ಡೇ ಬೇಡ ಅನ್ನುವವರಿಂದ ಶುರು ಮಾಡೋಣ. ಆರ್ಥರ್ ಕಾನನ್ ಡಾಯ್ಲ್ 1890ರಲ್ಲಿ ಪ್ರಕಟಿಸಿದ 'ದಿ ಸೈನ್ ಆಫ್ ಫೋರ್' ಪ್ರಾಜೆಕ್ಟ್ ಗುಟೆನ್‌ಬರ್ಗ್ ಅನ್ನುವ ವೆಬ್‌ಸೈಟಲ್ಲಿ ಪುಕ್ಕಟೆ ಸಿಗುತ್ತದೆ. ಬರೀ ಹನ್ನೆರಡು ಅಧ್ಯಾಯ, ಒಂದು ಭಾನುವಾರ ಸಾಕು. ಕೊನೆಯ ಹತ್ತಿರ ಬರುವ ನದಿಯ ಬೆನ್ನಟ್ಟುವಿಕೆ ಇವತ್ತಿಗೂ ಉಸಿರು ಹಿಡಿಸುತ್ತದೆ. ಅದರಲ್ಲಿ ನನಗೆ ಇಷ್ಟವಾದದ್ದು ಓಟಕ್ಕಿಂತ ಮೊದಲಿನ ಒಂದು ಚಿಕ್ಕ ಕ್ಷಣ. ಪೊಲೀಸ್ ಲಾಂಚು (ಆವಿಯ ದೋಣಿ) ಬಂದು ನಿಂತಿದೆ, ಪತ್ತೇದಾರ ಷರ್ಲಾಕ್ ಹೋಮ್ಸ್ ಅದನ್ನು ಮೇಲಿಂದ ಕೆಳಗೆ ನೋಡಿ, ಇದು ಪೊಲೀಸರದ್ದು ಅಂತ ಗೊತ್ತಾಗುವ ಗುರುತು ಏನಾದರೂ ಇದೆಯಾ ಅಂತ ಕೇಳುತ್ತಾನೆ. ಪಕ್ಕದಲ್ಲಿ ಹಸಿರು ದೀಪ ಇದೆ ಅನ್ನುತ್ತಾರೆ. ತೆಗೆಸು ಅನ್ನುತ್ತಾನೆ. ಅಷ್ಟೇ. ಆಮೇಲೆ ಟವರ್ ಆಫ್ ಲಂಡನ್ ಕೋಟೆಯ ಎದುರಿನ ದಡದಿಂದ ಶುರುವಾದ ಓಟ ಐಲ್ ಆಫ್ ಡಾಗ್ಸ್ ಸುತ್ತಿ, ಜೌಗು ನೆಲ ಬರುವ ತನಕ ಹೋಗುತ್ತದೆ. ಫೋನಲ್ಲಿ ಮ್ಯಾಪ್ ತೆಗೆದಿಟ್ಟುಕೊಂಡು ಓದಿ, ನದಿ ಅಲ್ಲಿ ಲಾಳದ ಥರ ಬಾಗುತ್ತದೆ.

ಆದರೆ ತೊಂದರೆಗಳಿವೆ. ಇಡೀ ಪುಸ್ತಕದಲ್ಲಿ ನದಿ ಇರುವುದು ಸ್ವಲ್ಪವೇ ಭಾಗ, ನದಿ ಪೊಲೀಸರ ದಿನನಿತ್ಯದ ಕೆಲಸ ಇಲ್ಲವೇ ಇಲ್ಲ. ಅವರು ಲಾಂಚಿನ ಡ್ರೈವರುಗಳು ಅಂದುಕೊಳ್ಳಿ. ಇನ್ನೊಂದು, ನಿಧಿಯ ಕಥೆ ಆಗ್ರಾ ಕೋಟೆಗೆ, 1857ಕ್ಕೆ, ಅಂಡಮಾನಿಗೆ ಹೋಗುತ್ತದೆ. ಅಂಡಮಾನಿನ ಮನುಷ್ಯನನ್ನು ಡಾಯ್ಲ್ ಚಿತ್ರಿಸಿದ ರೀತಿ ಓದುವಾಗ ನನಗೆ ಮೈ ಉರಿಯಿತು. ಪ್ರಾಣಿಯ ಹಾಗೆ ತೋರಿಸಿದ್ದಾರೆ, ಅದೂ ಸುಳ್ಳು ವಿವರ ಇಟ್ಟುಕೊಂಡು. ಮಕ್ಕಳಿಗೆ ಕೊಡುವುದಾದರೆ ಜೊತೆಯಲ್ಲಿ ಕೂತು ಮಾತಾಡಿ. ಹೋಮ್ಸ್ ಕಥೆಗಳು ಕನ್ನಡಕ್ಕೂ ಬಂದಿವೆ, ಇಂಗ್ಲಿಷ್ ಬೇಡ ಅನ್ನುವವರು ಆ ಕಡೆಯಿಂದ ಹುಡುಕಬಹುದು.

ಪುಕ್ಕಟೆಯಲ್ಲಿ ಇನ್ನೊಂದು ಚಾರ್ಲ್ಸ್ ಡಿಕನ್ಸ್‌ನ 'ಅವರ್ ಮ್ಯೂಚುವಲ್ ಫ್ರೆಂಡ್'. 1864ರಿಂದ 65ರವರೆಗೆ ಕಂತಿನಲ್ಲಿ ಬಂದದ್ದು. ಇದನ್ನು ನಾನು ಮೊದಲ ಸಲ ಹಿಡಿದಾಗ ಇನ್ನೂರು ಪುಟಕ್ಕೆ ಕೈ ಚೆಲ್ಲಿದೆ. ಎರಡು ವರ್ಷ ಕಪಾಟಲ್ಲಿ ಧೂಳು ತಿಂತು. ಆಮೇಲೆ ಲಿಬ್ರಿವಾಕ್ಸ್‌ನಲ್ಲಿ ಪುಕ್ಕಟೆ ಆಡಿಯೋ ಸಿಗುತ್ತೆ ಅಂತ ಗೊತ್ತಾಗಿ, ಅಡುಗೆ ಮಾಡುವಾಗ ಪಾತ್ರೆ ತೊಳೆಯುವಾಗ ಕೇಳಿ ಮುಗಿಸಿದೆ. ಎಂಟುನೂರು ಪುಟದ ಹತ್ತಿರದ ಪುಸ್ತಕ, ವಾಕ್ಯಗಳು ಬಿಚ್ಚುತ್ತಾ ಹೋಗುವ ದಾರದ ಉಂಡೆ ಇದ್ದ ಹಾಗೆ, ಮಧ್ಯೆ ಮಧ್ಯೆ ಶ್ರೀಮಂತರ ಊಟದ ಮನೆಯಲ್ಲಿ ಕಥೆ ಸುಮ್ನೆ ಕಾಲ ಕಳೆಯುತ್ತದೆ.

ಆದರೂ ಮೊದಲ ಅಧ್ಯಾಯವನ್ನಾದರೂ ಓದಲೇಬೇಕು. ಸೌತ್‌ವಾರ್ಕ್ ಸೇತುವೆಗೂ ಲಂಡನ್ ಸೇತುವೆಗೂ ನಡುವೆ, ಕತ್ತಲಾಗುವ ಹೊತ್ತಲ್ಲಿ, ಒಂದು ಕೊಳಕು ದೋಣಿ. ಮಗಳು ಹುಟ್ಟು ಹಾಕುತ್ತಿದ್ದಾಳೆ, ಅಪ್ಪ ನೀರಿನ ಮೇಲೆ ಕಣ್ಣಿಟ್ಟಿದ್ದಾನೆ. ಅವನ ಕೈಯಲ್ಲಿ ಬಲೆ ಇಲ್ಲ, ಗಾಳ ಇಲ್ಲ. ಅವನು ಏನು ಹಿಡಿಯುತ್ತಾನೆ ಅಂತ ಡಿಕನ್ಸ್ ಹೇಳುವುದೇ ಇಲ್ಲ, ಮಗಳ ಮುಖ ನೋಡಿ ನಮಗೇ ಗೊತ್ತಾಗುತ್ತದೆ. ಹೆಣ ಸಿಕ್ಕರೆ ಪೊಲೀಸರಿಗೆ ಒಪ್ಪಿಸುತ್ತಾನೆ, ಆದರೆ ಆ ಹೆಣಗಳ ಜೇಬು ಯಾವಾಗಲೂ ಹೊರಗೆ ತಿರುಗಿರುತ್ತವೆ. ಅದು ಉಬ್ಬರದ ಕೆಲಸವೋ ಏನೋ ನನಗೆ ಗೊತ್ತಿಲ್ಲ ಅನ್ನುತ್ತಾನೆ! ನನ್ನ ಮೊದಲ ಪರೀಕ್ಷೆಯಲ್ಲಿ ನೂರಕ್ಕೆ ನೂರು. ನದಿಯನ್ನು ಪೊಲೀಸರ ಕಣ್ಣಿಂದ ಅಲ್ಲ, ಅವರಿಗೆ ಹೆದರುವವರ ಕಣ್ಣಿಂದ ನೋಡಬೇಕು ಅಂದರೆ ಇದಕ್ಕಿಂತ ಬೇರೆ ಇಲ್ಲ. ಒಂದು ಮಾತು ಗಮನದಲ್ಲಿರಲಿ, ಡಾಯ್ಲ್ ಮತ್ತು ಡಿಕನ್ಸ್ ಇಬ್ಬರೂ ತಮ್ಮ ಕಾಲದ ಊರನ್ನೇ ಬರೆದರು. ಓದುಗರಿಗೆ ಗೊತ್ತಿದೆ ಅಂತ ಏನನ್ನೂ ವಿವರಿಸಲ್ಲ. ಲೈಟರ್ ಅಂದರೇನು, ಮಡ್‌ಲಾರ್ಕ್ ಅಂದರೇನು ಅಂತ ನಾವೇ ಹುಡುಕಿಕೊಳ್ಳಬೇಕು.

ವಿವರಿಸುವವರು ಬೇಕು ಅಂದರೆ ಆ್ಯನ್ ಪೆರಿ. ವಿಲಿಯಂ ಮಾಂಕ್ ಅನ್ನುವ ಪತ್ತೇದಾರನ ಮೇಲೆ ಇವರು ದೊಡ್ಡ ಸರಣಿಯನ್ನೇ ಬರೆದಿದ್ದಾರೆ. 1990ರ ಮೊದಲ ಪುಸ್ತಕದಲ್ಲಿ ಅಪಘಾತದಿಂದ ನೆನಪು ಕಳೆದುಕೊಂಡ ಮಾಂಕ್ ಸಿಗುತ್ತಾನೆ. ಆದರೆ ನಮಗೆ ನದಿ ಬೇಕಲ್ವಾ, ಹಾಗಾಗಿ 2004ರ 'ದಿ ಶಿಫ್ಟಿಂಗ್ ಟೈಡ್'ನಿಂದ ಶುರು ಮಾಡಿದರೂ ನಡೆಯುತ್ತದೆ. ಅಲ್ಲಿ ಒಂದು ಹಡಗಿನಿಂದ ಆನೆದಂತ ಕಳುವಾಗುತ್ತದೆ, ಮಾಂಕ್‌ಗೆ ನದಿಯ ಬಗ್ಗೆ ಏನೇನೂ ಗೊತ್ತಿಲ್ಲ. ಅವನು ಕಲಿತ ಹಾಗೆ ನಾವೂ ಕಲಿಯುತ್ತೇವೆ. ಮುಂದಿನದು 2006ರ 'ಡಾರ್ಕ್ ಅಸಾಸಿನ್'. ಅಷ್ಟೊತ್ತಿಗೆ ಅವನು ವಾಪಿಂಗ್‌ನ ನದಿ ಪೊಲೀಸರ ಮುಖ್ಯಸ್ಥ. ಶುರುವಿನಲ್ಲೇ, ಗಸ್ತಿನ ದೋಣಿಯಲ್ಲಿ ಕೂತ ಅವನ ಕಣ್ಣೆದುರೇ ವಾಟರ್‌ಲೂ ಸೇತುವೆಯಿಂದ ಒಬ್ಬ ಹುಡುಗ, ಒಬ್ಬಳು ಹುಡುಗಿ ಒಟ್ಟಿಗೆ ನೀರಿಗೆ ಬೀಳುತ್ತಾರೆ. ಅವನು ಅವಳನ್ನು ತಳ್ಳಿದನಾ, ಹಿಡಿಯೋಕೆ ಹೋದನಾ, ಇಬ್ಬರೂ ಸೇರಿ ಹಾರಿದರಾ? ಕಣ್ಣಾರೆ ಕಂಡ ಪೊಲೀಸನಿಗೇ ಗೊತ್ತಿಲ್ಲ. ಅಲ್ಲಿಂದ ಕಥೆ ಲಂಡನ್ನಿನ ಹೊಸ ಒಳಚರಂಡಿಯ ಸುರಂಗದೊಳಗೆ ಇಳಿಯುತ್ತದೆ. 1858ರ ಬೇಸಿಗೆಯಲ್ಲಿ ಥೇಮ್ಸ್ ನಾರಿ ಪಾರ್ಲಿಮೆಂಟಿನವರೇ ಮೂಗು ಮುಚ್ಚಿಕೊಂಡ ಮೇಲೆ ಕಟ್ಟಿಸಿದ ಚರಂಡಿ ಅದು.

ಇಲ್ಲಿ 1860ರ ದಶಕದ ಪೊಲೀಸರು ಹುಟ್ಟು ಹಾಕುತ್ತಾರೆ, ಆವಿಯ ಲಾಂಚು ಇಲ್ಲ. 1878ರಲ್ಲಿ ಪ್ರಿನ್ಸೆಸ್ ಆಲಿಸ್ ಅನ್ನುವ ಪ್ರಯಾಣಿಕರ ಹಡಗು ಡಿಕ್ಕಿಯಾಗಿ ಮುಳುಗಿ 600ಕ್ಕೂ ಹೆಚ್ಚು ಜನ ಸತ್ತರು. ಹುಟ್ಟಿನ ದೋಣಿ ಸಾಲದು ಅಂತ ಆಗ ಗೊತ್ತಾಯಿತು, 1880ರ ದಶಕದಲ್ಲಿ ಲಾಂಚು ಬಂತು. ಹೋಮ್ಸ್‌ಗೆ ಸಿಕ್ಕಿದ್ದು ಅದೇ. ಕಥೆಯ ಓಟದಲ್ಲೂ ಈ ವ್ಯತ್ಯಾಸ ಕಾಣುತ್ತದೆ. ಡಾಯ್ಲ್ ಹತ್ತು ನಿಮಿಷದಲ್ಲಿ ದಾಟುವ ದೂರವನ್ನು ಪೆರಿ ಅರ್ಧ ಅಧ್ಯಾಯ ಮಾಡುತ್ತಾರೆ. ಚಳಿ, ಅಂಗೈಯ ಬೊಬ್ಬೆ, ಎದುರು ಇಳಿತ, ಎಲ್ಲ ಬರುತ್ತದೆ. ಇಂಗ್ಲಿಷ್ ಸುಲಭ. ರಕ್ತ ಕಡಿಮೆ, ಆದರೆ ವಿಷಯ ಕೆಲವು ಸಲ ಭಾರ. 2009ರ 'ಎಕ್ಸಿಕ್ಯೂಷನ್ ಡಾಕ್' ಮಕ್ಕಳ ಮೇಲಿನ ದೌರ್ಜನ್ಯದ ಕಥೆ, ಮನಸ್ಸು ಗಟ್ಟಿ ಇಲ್ಲದ ದಿನ ಹಿಡಿಯಬೇಡಿ. ನನ್ನ ದೂರು ಇನ್ನೊಂದಿದೆ. ಹಿಂದಿನ ಪುಸ್ತಕದಲ್ಲಿ ನಡೆದದ್ದನ್ನು ಪ್ರತಿ ಸಲ ಮತ್ತೆ ಮತ್ತೆ ನೆನಪಿಸುತ್ತಾರೆ, ಪಾತ್ರಗಳು ಮನಸ್ಸಿನಲ್ಲೇ ಕೊರಗುವುದು ಜಾಸ್ತಿ. ನಾಲ್ಕು ಪುಸ್ತಕ ಒಟ್ಟಿಗೆ ಓದಿದರೆ ಸಾಕಾಗುತ್ತದೆ. ವರ್ಷಕ್ಕೆ ಒಂದೆರಡು ಓದಿದರೆ ಹಳೇ ನೆಂಟರ ಮನೆಗೆ ಹೋದ ಹಾಗಿರುತ್ತದೆ.

ಇನ್ನೂ ಹಿಂದಕ್ಕೆ, ಪೊಲೀಸರು ಶುರುವಾದ ದಿನಗಳಿಗೇ ಹೋಗಬೇಕು ಅಂದರೆ ಪ್ಯಾಟ್ರಿಕ್ ಈಸ್ಟರ್ ಅವರ 'ದಿ ವಾಟರ್‌ಮೆನ್' ಇದೆ. 1798ರ ನದಿ, ಟಾಮ್ ಪ್ಯಾಸ್ಕೋ ಅನ್ನುವ ನಾಯಕ. ಕಹೂನ್‌ನ ಪಟ್ಟಿಯ ಕಳ್ಳರನ್ನು ಕಥೆಯೊಳಗೆ ನೋಡುವ ಆಸೆ ಇದ್ದರೆ ಇದೇ ಸರಿ. ಓಡಾಟ ಜಾಸ್ತಿ. ಹಡಗು, ಹಗ್ಗ, ಹಾಯಿಯ ಪದಗಳು ದಂಡಿಯಾಗಿ ಬರುತ್ತವೆ, ತಾಳ್ಮೆ ಇರಲಿ.

ಲಾಯ್ಡ್ ಶೆಫರ್ಡ್ ಅವರ 'ದಿ ಇಂಗ್ಲಿಷ್ ಮಾನ್‌ಸ್ಟರ್' 2012ರದ್ದು, ಬೇರೆಯೇ ಜಾತಿಯ ಪುಸ್ತಕ. ಒಂದು ಎಳೆ 1811ರ ರ‍್ಯಾಟ್‌ಕ್ಲಿಫ್ ಹೈವೇ ಅನ್ನುವ ಬೀದಿಯ ಕೊಲೆಗಳು, ಇದು ನಿಜವಾಗಿ ನಡೆದದ್ದು. ತನಿಖೆ ಮಾಡುವವರು ಅದೇ ಜಾನ್ ಹ್ಯಾರಿಯಟ್ ಮತ್ತು ನದಿ ಪೊಲೀಸಿನ ಚಾರ್ಲ್ಸ್ ಹಾರ್ಟನ್. ಇನ್ನೊಂದು ಎಳೆ 16ನೇ ಶತಮಾನದಲ್ಲಿ, ಜಾನ್ ಹಾಕಿನ್ಸ್‌ನ ಗುಲಾಮರ ಹಡಗಿನ ಜೊತೆ ಹೊರಟ ಒಬ್ಬ ಹುಡುಗನದ್ದು. ನನ್ನ ಎರಡನೇ ಮಾನದಂಡದಲ್ಲಿ ಇದಕ್ಕೇ ಹೆಚ್ಚು ಅಂಕ. ಆ ದಕ್ಕೆಯ ಸಕ್ಕರೆ ಎಲ್ಲಿಂದ ಬಂತು ಅಂತ ಕೇಳುವ ಧೈರ್ಯ ಇದೆ. ಆದರೆ ಕಥೆಯಲ್ಲಿ ಒಂದು ಅಲೌಕಿಕ ಅಂಶವೂ ಇದೆ. ಶುದ್ಧ ಪತ್ತೇದಾರಿ ಬೇಕು, ಕೊನೆಗೆ ಸಾಕ್ಷಿ ಸಮೇತ ಲೆಕ್ಕ ಚುಕ್ತಾ ಆಗಬೇಕು ಅನ್ನುವವರಿಗೆ ಸಿಟ್ಟು ಬರಬಹುದು. ನನ್ನ ತಮ್ಮ ಮುಕ್ಕಾಲು ಓದಿ ವಾಪಸ್ ಕೊಟ್ಟ.

ಅವನಿಗೆ ಬದಲಿಗೆ ಕೊಟ್ಟದ್ದು 'ದಿ ಮಾಲ್ ಅಂಡ್ ದಿ ಪೇರ್ ಟ್ರೀ'. 1971ರ ಈ ಪುಸ್ತಕ ಕಾದಂಬರಿ ಅಲ್ಲ. ಪತ್ತೇದಾರಿ ಕಾದಂಬರಿಗಳ ಪಿ.ಡಿ. ಜೇಮ್ಸ್ ಮತ್ತು ಪೊಲೀಸ್ ಚರಿತ್ರೆ ಬರೆದ ಟಿ.ಎ. ಕ್ರಿಚ್ಲಿ ಸೇರಿ ಅದೇ 1811ರ ಕೊಲೆಗಳನ್ನು ದಾಖಲೆ ಇಟ್ಟುಕೊಂಡು ಬಿಡಿಸಿದ್ದಾರೆ. ಡಿಸೆಂಬರ್ 7ರ ಶನಿವಾರ ರಾತ್ರಿ ಬಟ್ಟೆ ಅಂಗಡಿಯ ತಿಮೊಥಿ ಮಾರ್ ಕೆಲಸದ ಹುಡುಗಿ ಮಾರ್ಗರೆಟ್ ಜ್ಯೂವೆಲ್‌ಳನ್ನು ತಿನ್ನುವ ಸಿಂಪಿ (ಆಯ್‌ಸ್ಟರ್) ತರೋಕೆ ಕಳಿಸುತ್ತಾನೆ. ಅಷ್ಟು ಹೊತ್ತಲ್ಲಿ ಎಲ್ಲೂ ಸಿಗಲ್ಲ. ಬರಿಗೈಲಿ ವಾಪಸ್ ಬಂದರೆ ಬಾಗಿಲು ಹಾಕಿದೆ. ಬೆಲ್ ಎಳೆಯುತ್ತಾಳೆ, ಒಳಗೆ ಹೆಜ್ಜೆ ಸಪ್ಪಳ, ಮಗು ಒಮ್ಮೆ ಅಳುತ್ತದೆ, ಆಮೇಲೆ ಏನೂ ಇಲ್ಲ. ಒಳಗೆ ಮಾರ್, ಅವನ ಹೆಂಡತಿ, ಹಸುಗೂಸು, ಅಂಗಡಿಯ ಹುಡುಗ ನಾಲ್ವರೂ ಸತ್ತಿದ್ದರು. ಮೊದಲು ಬಂದ ಅಧಿಕಾರಿಗಳಲ್ಲಿ ನಿಜವಾದ ಚಾರ್ಲ್ಸ್ ಹಾರ್ಟನ್ ಇದ್ದ, ರಕ್ತ ಮೆತ್ತಿದ ದೊಡ್ಡ ಸುತ್ತಿಗೆ ಅವನಿಗೇ ಸಿಕ್ಕಿತು. ಹ್ಯಾರಿಯಟ್ ತಾನಾಗಿಯೇ 20 ಪೌಂಡ್ ಬಹುಮಾನದ ಚೀಟಿ ಹಂಚಿಸಿ, ನಿನಗೆ ಯಾರು ಹೇಳಿದರು ಅಂತ ಸರಕಾರದಿಂದ ಬೈಸಿಕೊಂಡ. ಕೆಲಸ ಮಾಡಲು ಹೋದವನಿಗೇ ಮೆಮೊ! ಡಿಸೆಂಬರ್ 19ರಂದು ಹತ್ತಿರದ ಹೆಂಡದಂಗಡಿಯಲ್ಲಿ ಮತ್ತೆ ಮೂವರ ಕೊಲೆ. ಜಾನ್ ವಿಲಿಯಮ್ಸ್ ಅನ್ನುವ ನಾವಿಕನನ್ನು ಹಿಡಿದರು, ವಿಚಾರಣೆಗೆ ಮೊದಲೇ ಅವನು ಜೈಲಲ್ಲಿ ನೇಣಿನಲ್ಲಿ ಸಿಕ್ಕ. ವರ್ಷದ ಕೊನೆಯ ದಿನ ಅವನ ಹೆಣವನ್ನು ಗಾಡಿಯಲ್ಲಿ ಮೆರವಣಿಗೆ ಮಾಡಿ, ಎದೆಗೆ ಗೂಟ ಹೊಡೆದು ಕೂಡುರಸ್ತೆಯಲ್ಲಿ ಹೂತರು. ಅವನೇ ಕೊಲೆಗಾರನಾ ಅನ್ನುವ ಅನುಮಾನವನ್ನು ಲೇಖಕರು ಒಂದೊಂದೇ ಸಾಕ್ಷಿ ಎತ್ತಿ ತೂಗುತ್ತಾರೆ. ಉಬ್ಬರ ಇಳಿತದ ಪರೀಕ್ಷೆಯಲ್ಲಿ ಇದು ಫೇಲು, ಕಥೆ ನಡೆಯುವುದೆಲ್ಲ ಬೀದಿಯಲ್ಲಿ. ಆದರೆ ನದಿ ಪೊಲೀಸರ ಕೈ ಎಷ್ಟು ಕಟ್ಟಿಹಾಕಿತ್ತು ಅಂತ ತಿಳಿಯೋಕೆ ಇದರಷ್ಟು ಒಳ್ಳೇದು ಸಿಗಲ್ಲ.

ಈಗ ಆ ಮೂವರಿಗೆ. ಬಸ್ಸಿನವರಿಗೆ 'ಡಾರ್ಕ್ ಅಸಾಸಿನ್'. ಅಧ್ಯಾಯ ಬಿಟ್ಟು ಹಿಡಿದರೂ ಎಳೆ ತಪ್ಪಲ್ಲ, ತಪ್ಪಿದರೆ ಪೆರಿಯೇ ನೆನಪಿಸುತ್ತಾರೆ, ಅವರ ದೋಷ ನಿಮಗೆ ಅನುಕೂಲ. ಹೊಸ ಪ್ರತಿ ದುಬಾರಿ ಅನಿಸಿದರೆ ಹಳೇ ಪುಸ್ತಕದ ಅಂಗಡಿ ನೋಡಿ, ಆದರೆ ಪುಟ ಎಣಿಸಿ. ನಾನು ಆನ್‌ಲೈನಲ್ಲಿ ತರಿಸಿದ ಒಂದು ಹಳೇ ಪ್ರತಿಯಲ್ಲಿ ಕೊನೆಯ ಹದಿನಾರು ಪುಟ ಇರಲಿಲ್ಲ, ಕೊಲೆಗಾರ ಯಾರು ಅಂತ ತಿಳಿಯೋಕೆ ಇ-ಬುಕ್ ಕೊಳ್ಳಬೇಕಾಯಿತು. ದುಡ್ಡು ಬೇಡ ಅಂದವರು ಡಾಯ್ಲ್ ಮುಗಿಸಿ, ಡಿಕನ್ಸ್‌ನ ಮೊದಲ ಅಧ್ಯಾಯ ಓದಿ ನೋಡಲಿ. ಹಿಡಿಸಿದರೆ ಆಡಿಯೋ, ಇಲ್ಲದಿದ್ದರೆ ಬಿಟ್ಟುಬಿಡಿ, ಪಾಪವೇನೂ ಬರಲ್ಲ. ಚರಿತ್ರೆ ಕೇಳಿದವರಿಗೆ ಜೇಮ್ಸ್ ಮತ್ತು ಕ್ರಿಚ್ಲಿ ಮೊದಲು, ಶೆಫರ್ಡ್ ಆಮೇಲೆ. ತಿರುಗಿಸಿ ಓದಬೇಡಿ. ಕಲ್ಪನೆಯ ಹಾರ್ಟನ್ ಒಮ್ಮೆ ತಲೆಯಲ್ಲಿ ಕೂತರೆ ದಾಖಲೆಯಲ್ಲಿ ಅಲ್ಲೊಂದು ಇಲ್ಲೊಂದು ಸಾಲಿನಲ್ಲಿ ಬಂದು ಹೋಗುವ ನಿಜವಾದ ಹಾರ್ಟನ್ ಸಪ್ಪೆ ಅನಿಸುತ್ತಾನೆ.